ಹಾಡು ನಿಲ್ಲುವ ಜಾಗ

ಪ್ರೇಮದ ಕಥೆ ಹೇಳುವಷ್ಟು ತಿಳಿದವಳು ನಾನಲ್ಲ. ದಿನವಿಡೀ ಪರದೆ ಹೊಲಿದು, ಸಂಜೆ ಕ್ಲಾಸಿನಲ್ಲಿ ನಾಲ್ಕಕ್ಷರ ಕಲಿತವಳು. ಹೇಳುವ ಧೈರ್ಯ ಮಾಡಿದ್ದೇ ತಪ್ಪಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವನು ನಮ್ಮ ಅಂಗಡಿಯಿಂದ ಮನೆಮನೆಗೆ ಹೋಗಿ ಪರದೆಯ ಕಂಬಿ ಕೂರಿಸುವವನು. ಯಾವಾಗಲೂ ಹೆಗಲ ಮೇಲೆ ಏಣಿ. ಹಾಗಾಗಿ ನಾವೆಲ್ಲ ಅವನನ್ನು ಕರೆಯುತ್ತಿದ್ದದ್ದೂ 'ಏಣಿ' ಎಂದೇ.

ಕಂಬಿಗಳ ಮೂಲೆ ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಇತ್ತು. ಕಂಬಿ ಆರಿಸುವ ನೆಪದಲ್ಲಿ ನನ್ನನ್ನೇ ನೋಡುವನು. ನಾನು ತಲೆಯೆತ್ತಿದರೆ ಥಟ್ಟನೆ ಕಂಬಿಯೊಳಗೆ ಇಣುಕಿ, ಅದು ಟೊಳ್ಳೋ ಗಟ್ಟಿಯೋ ಎಂದು ಪರೀಕ್ಷಿಸುವವನ ಹಾಗೆ ನಟಿಸುವನು. ನನಗೆ ನಗು ಬರುತ್ತಿತ್ತು. ನಗುವನ್ನು ಬಟ್ಟೆಯ ಮಡಿಕೆಯಲ್ಲಿ ಬಚ್ಚಿಡುತ್ತಿದ್ದೆ.

ಒಂದು ದಿನ ಮೆಲ್ಲಗೆ ಕೇಳಿದ, "ನಿಮ್ಮನೆಗೆ ಬಂದು ಅಮ್ಮನ ಹತ್ರ ಮಾತಾಡ್ಲಾ?"

ಶನಿವಾರ ಹೇಳುತ್ತೇನೆ ಎಂದೆ. ಮನಸ್ಸು ಆಗಲೇ 'ಹೂಂ' ಅಂದಾಗಿತ್ತು. ಆದರೆ ಅವತ್ತೇ ಮಧ್ಯಾಹ್ನ ಏಣಿ ಒರೆಸುತ್ತಾ ಅವನು ಗುನುಗಿದ್ದನ್ನು ಕೇಳಿ ನನ್ನ ಕೈಯಿಂದ ಕತ್ತರಿ ಜಾರಿತು.

*ತಿರುವಿನಾಚೆ ಹೋದವನೇ, ತಿರುಗಿ ನೋಡಿದೆಯಾ...*

ಅಷ್ಟರಲ್ಲಿ ಯಜಮಾನರು ಕರೆದರು. ಮುಂದಿನ ಸಾಲು ಕೇಳಿಸಲಿಲ್ಲ. ಕೇಳಿಸದಿದ್ದರೂ ನನಗೆ ಗೊತ್ತಿತ್ತು:

*ನೋಡದಿದ್ದರೂ ನೋಡಿದೆಯೆಂದೇ ಊರಿಗೆ ಹೇಳುವೆನು.*

ಅದು ನನ್ನ ಅಜ್ಜಿಯ ಹಾಡು. ಅಜ್ಜ ಮನೆ ಬಿಟ್ಟು ಹೋದಾಗ ಅಜ್ಜಿಯೇ ಕಟ್ಟಿದ್ದು, ಹೊರಗಿನ ನರಪಿಳ್ಳೆಗೂ ಗೊತ್ತಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. 'ನೋಡಿದೆಯಾ' ಎಂಬಲ್ಲಿಗೆ ಅಜ್ಜಿಯ ಗಂಟಲು ಕಟ್ಟಿ ಹಾಡು ನಿಲ್ಲುತ್ತಿತ್ತಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಅಲ್ಲೊಂದು ಕ್ಷಣ ನಿಲ್ಲುತ್ತೇವೆ. ಅಕ್ಕನೊಬ್ಬಳೇ ನಿಲ್ಲುತ್ತಿರಲಿಲ್ಲ. ಅಳುತ್ತಾ ಕೂರಲು ತನಗೆ ಪುರಸೊತ್ತಿಲ್ಲ ಎಂದು ಒಂದೇ ಉಸಿರಿಗೆ ಹಾಡಿ ಮುಗಿಸುವಳು.

ಅಕ್ಕ! ನನಗಿಂತ ಮೊದಲು ಇದೇ ಮೆಷಿನ್ನಿನ ಮುಂದೆ ಕೂತವಳು ಅವಳು. ಮದುವೆಗೆ ಮುಂಚೆ ಯಾರಿಗಾಗಿಯೋ ಅತ್ತವಳು, ಹೆಸರು ಮಾತ್ರ ಬಾಯಿಬಿಡಲಿಲ್ಲ. ಈಗ ಗಂಡನ ಜೊತೆ ಬೇರೆ ಊರಿನಲ್ಲಿದ್ದಾಳೆ. ಅವಳು ಬಿಟ್ಟುಹೋದ ಕುರ್ಚಿ ನನಗೆ ಬಂದ ಹಾಗೆ, ಅವನೂ ಬರುತ್ತಿದ್ದಾನೆಯೇ?

ಹಾಡು ಎಲ್ಲಿ ಕಲಿತಿರಿ ಎಂದು ಕೇಳಿದೆ. ಸೋದರತ್ತೆ ಹಾಡುತ್ತಿದ್ದರು ಎಂದ, ಬಹಳ ಸಲೀಸಾಗಿ. ಸಲೀಸಾದ ಉತ್ತರ ಕೇಳಿದರೆ ನನಗೆ ಅನುಮಾನ ಹೆಚ್ಚು. ನನ್ನ ಅಕ್ಕ ಗೊತ್ತಾ ಎಂದೆ. ಅವಳು ಇಲ್ಲಿ ಕೆಲಸಕ್ಕಿದ್ದಾಗ ತಾನಿನ್ನೂ ಬಂದೇ ಇರಲಿಲ್ಲ ಎಂದ.

"ಅವಳು ಇಲ್ಲಿ ಕೆಲಸಕ್ಕಿದ್ಲು ಅಂತ ನಾನು ಹೇಳೇ ಇಲ್ವಲ್ಲ?"

"ಯಜಮಾನ್ರು ದಿನಾ ಹೇಳ್ತಾರಲ್ರೀ, ಅವಳ ಹೊಲಿಗೆ ನಿಮ್ಮದಕ್ಕಿಂತ ನೆಟ್ಟಗಿತ್ತು ಅಂತ."

ಅದು ನಿಜ. ನಿಜವಾದ್ದರಿಂದಲೇ ಇನ್ನಷ್ಟು ಉರಿಯಿತು.

ಮರುದಿನ ಬಲೆ ಬೀಸಿದೆ. ಅವನು ಕಂಬಿ ಹುಡುಕುತ್ತಿದ್ದಾಗ ಹಾಡನ್ನು ಅಕ್ಕನ ಹಾಗೆ, ಎಲ್ಲೂ ನಿಲ್ಲದೆ ಹಾಡತೊಡಗಿದೆ. ಅಕ್ಕನಿಂದ ಕಲಿತವನಾದರೆ ಅವನೂ ನಿಲ್ಲದೆ ಸಾಗುತ್ತಾನೆ, ಸಿಕ್ಕಿಬೀಳುತ್ತಾನೆ. ಅವನು ದನಿ ಸೇರಿಸಿದ. 'ನೋಡಿದೆಯಾ' ಎಂದು ನಿಂತ. ನಾನು ಮುಂದೆ ಓಡಿದ್ದೆ.

"ಏನ್ರೀ, ದಾರ ಕಚ್ಚೋದಕ್ಕೂ ಬಿಡಲ್ವಾ?" ಎಂದ.

ಅವನ ಅತ್ತೆ ಗೋಣಿಚೀಲ ಹೊಲಿಯುವ ಶೆಡ್ಡಿನಲ್ಲಿದ್ದರಂತೆ. ಹೆಂಗಸರೆಲ್ಲ ಹಾಡಿಕೊಂಡೇ ಹೊಲಿಯುವುದು. ಆ ಸಾಲಿಗೆ ಸರಿಯಾಗಿ ಒಂದು ಅಂಚು ಮುಗಿಯುವುದು. ಆಗ ಇಡೀ ಶೆಡ್ಡು ಒಟ್ಟಿಗೆ ತಲೆ ಬಗ್ಗಿಸಿ ದಾರ ಕಚ್ಚಿ ತುಂಡರಿಸುವುದು. ಇಲ್ಲದ ದಾರವನ್ನು ಹಲ್ಲಿಗೆ ತಂದು ತೋರಿಸಿದ.

ಅನುಮಾನ ಕಳೆದದ್ದಕ್ಕೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ನನ್ನ ಅಜ್ಜಿಯ ಕಣ್ಣೀರನ್ನು ಇವನು ಗೋಣಿದಾರ ಮಾಡಿಬಿಟ್ಟನಲ್ಲ! ಮೆಷಿನ್ನು ಮುಚ್ಚಿ ಮನೆಗೆ ಬಂದೆ.

ಸಂಜೆ ಅಮ್ಮ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಹಾಡಮ್ಮ ಎಂದೆ. ಹಾಡಿದಳು. 'ನೋಡಿದೆಯಾ' ಎಂಬಲ್ಲಿ ನಿಂತು, ತಲೆ ಬಗ್ಗಿಸಿದಳು. ಹುಟ್ಟಿದಾಗಿನಿಂದ ನೋಡಿದ ತಲೆ ಬಗ್ಗಿಸುವಿಕೆ ಅದು. ದುಃಖಕ್ಕೆ ಎಂದುಕೊಂಡಿದ್ದೆ. ಅವತ್ತು ಬಗ್ಗಿ ನೋಡಿದರೆ ಹಲ್ಲಿನ ನಡುವೆ ದಾರವಿತ್ತು.

ಅವನು ಹೇಳಿದ್ದನ್ನು ಹೇಳಿದೆ. ಅಮ್ಮನ ಮುಖ ಗಂಟಿಕ್ಕಿತು.

"ಹಾಡು ನಮ್ಮದೇ ಕಣೇ," ಎಂದಳು. ಸೂಜಿಗೆ ಮತ್ತೆ ದಾರ ಪೋಣಿಸಿದ ಮೇಲೆ, "ಯಾವ ಶೆಡ್ಡಂತೆ?"

ಅಜ್ಜಿ ಹೊಲಿಗೆ ಕಲಿತದ್ದೆಲ್ಲಿ ಎಂದು ಕೇಳಿದೆ. ತಾನು ಯಾವತ್ತೂ ಕೇಳಲಿಲ್ಲ ಎಂದಳು. ಅವಳು ನನ್ನ ಮುಖ ನೋಡಲಿಲ್ಲ.

ಶನಿವಾರ ಅವನು ಕಂಬಿಗಳ ಮೂಲೆಗೆ ಬಂದ. ಕಂಬಿ ಮುಟ್ಟಲಿಲ್ಲ. ಮೆಲ್ಲಗೆ ಹಾಡಿ, 'ನೋಡಿದೆಯಾ' ಎಂದು ನಿಂತುಬಿಟ್ಟ. ಮುಂದೆ ಹೋಗಲಿಲ್ಲ. ಈ ಸಲ ಅವನ ಕಣ್ಣು ಯಾವ ಟೊಳ್ಳಿನೊಳಗೂ ಅಡಗಲಿಲ್ಲ.

ನನ್ನ ಕೈಯಲ್ಲಿದ್ದ ಪರದೆಯ ಅಂಚು ಮುಗಿದು ದಾರ ನೇತಾಡುತ್ತಿತ್ತು. ಕತ್ತರಿ ಪಕ್ಕದಲ್ಲೇ ಇತ್ತು. ನಾನು ತಲೆ ಬಗ್ಗಿಸಿ ದಾರ ಕಚ್ಚಿದೆ.

"ಮನೆಗೆ ಬನ್ನಿ," ಎಂದೆ.

"ನಂಬಿಕೆ ಬಂತಾ?"

"ಪೂರ್ತಿ ಇಲ್ಲ. ಏಣಿ ಹೊರಗಿಟ್ಟು ಬನ್ನಿ."

ಮದುವೆಯಾಯಿತು. ಈಗ ನಾವಿಬ್ಬರೂ ಅದೇ ಹಾಡು ಹಾಡುತ್ತೇವೆ, ಅದೇ ಜಾಗದಲ್ಲಿ ನಿಲ್ಲುತ್ತೇವೆ. ಅವನು ದಾರಕ್ಕೆ, ನಾನು ಅಜ್ಜಿಗೆ.

ಹಾಡು ಕಟ್ಟಿದವರು ಯಾರು, ಅಜ್ಜಿ ಆ ಶೆಡ್ಡಿನಲ್ಲಿದ್ದಳೇ, ಅಕ್ಕ ಅತ್ತದ್ದು ಯಾರಿಗಾಗಿ, ಇವು ಯಾವುವೂ ನನಗೆ ಗೊತ್ತಾಗಲಿಲ್ಲ. ದಾರ ಕಚ್ಚುವಾಗ ಅಜ್ಜಿಯ ಕಣ್ಣು ಒದ್ದೆಯಾಗಿತ್ತೇ ಎಂಬುದೂ ಗೊತ್ತಿಲ್ಲ. ಯಾರಾದರೂ ಕೇಳಿದರೆ, ಆಗಿತ್ತು ಎಂದೇ ಹೇಳುತ್ತೇನೆ.