ಕುದುರೆಯ ಕಣ್ಣಿಗೆ ಒಡೆಯ ಯಾರು

ಆ ಮರಿಯನ್ನು ತಾಯಿಯ ಹೊಟ್ಟೆಯಿಂದ ಎಳೆದು ಬದುಕಿಸಿದವನು ಶಾರ್ಶೆನ್. ಅದಕ್ಕೆ ಮರಿಯ ಒಡತಿ, ಪಕ್ಕದ ಮನೆಯ ಮುದುಕಿ ಬೂರ್ಮಾ ಅಪಾ ಕೊಟ್ಟದ್ದು ಒಂದು ಜೊತೆ ಉಣ್ಣೆಯ ಕಾಲುಚೀಲ. ಬೆಚ್ಚಗಿದ್ದವು, ನಿಜ. ಆದರೆ ಮರಿ ಬೆಳೆದು ನರಿನ್ ಕಣಿವೆಗೇ ಹೆಸರಾದ ಜೋರ್ಗೊ, ಅಂದರೆ ಕುಲುಕದ ನಡೆಯ ಕುದುರೆ, ಆಯಿತು. ಅದು ಓಡುವಾಗ ಸವಾರನ ಬಟ್ಟಲಿನ ಚಹಾ ತುಳುಕುತ್ತಿರಲಿಲ್ಲ. ಶಾರ್ಶೆನನ ಮುದಿ ಕುದುರೆಯ ಮೇಲೂ ತುಳುಕುತ್ತಿರಲಿಲ್ಲ, ಊರು ತಲುಪುವಷ್ಟರಲ್ಲಿ ತಣ್ಣಗಾಗುತ್ತಿತ್ತು ಅಷ್ಟೆ. ಎರಡೂ ಕಂದು ಬಣ್ಣದವು, ಎರಡರ ಹಣೆಯಲ್ಲೂ ಬಿಳಿ ಚುಕ್ಕೆ.

ಹಿಂದಾದರೆ ಕದ್ದ ಕುದುರೆಯ ಮುದ್ರೆ ತಿದ್ದಿದರೆ ಮುಗಿಯುತ್ತಿತ್ತು. ಈಗ ಸಂತೆಯ ಬಾಗಿಲಲ್ಲಿ ಕ್ಯಾಮೆರಾ ಕೂತಿದೆ. ಕುದುರೆ ನಡೆದು ಬರುತ್ತಿರುವಾಗಲೇ ಅದರ ಕಣ್ಣಪಾಪೆಯ ಸುತ್ತಲಿನ ಗೆರೆಗಳನ್ನು ದೂರದಿಂದ ಹಿಡಿದು ಒಡೆಯನ ಹೆಸರು ಹೇಳಿಬಿಡುತ್ತದೆ. ಇನ್ನು ಕಳ್ಳತನ ನಿಂತಿತು ಎಂದರು ಊರವರು. ಶಾರ್ಶೆನ್ ಮಾತ್ರ ಯೋಚಿಸಿದ. ಯಂತ್ರಕ್ಕೆ ಗೊತ್ತಿರುವುದು ಕಣ್ಣು. ಒಡೆಯ ಯಾರೆಂದು ಮೊದಲ ದಿನ ಯಾರಾದರೂ ಹೇಳಲೇಬೇಕು.

ಆ ಮೊದಲ ದಿನ ಅವನ ಊರಿಗೂ ಬಂತು. ದನದ ಡಾಕ್ಟರು ನೂರಾಯಿಮ್ ಬಯಲಿನಲ್ಲಿ ಕ್ಯಾಮೆರಾ ನಿಲ್ಲಿಸಿದಳು. ಅಪಾಳಿಗೆ ಮಂಡಿನೋವು. "ನಿನ್ನದರ ಜೊತೆ ನಂದನ್ನೂ ತೋರಿಸ್ಕೊಂಡು ಬಾರಪ್ಪ," ಎಂದು ತಾನಾಗಿಯೇ ಲಗಾಮು ಕೈಗಿತ್ತಳು.

ಶಾರ್ಶೆನ್ ಜೋರ್ಗೊಗೆ ತನ್ನ ಹರಕು ಜೀನು ಬಿಗಿದ. ಅಪಾಳ ಬೆಳ್ಳಿಯ ಕಡಿವಾಣವನ್ನು ತನ್ನ ಮುದಿ ಕುದುರೆಗೆ ಹಾಕಿದ.

"ಇದು ನಂದು. ಅದು ಅಪಾಂದು."

ನೂರಾಯಿಮ್ ಮುದಿಯನನ್ನು ನೋಡಿದಳು. "ಇದೇನಾ ಆ ಹೆಸರುವಾಸಿ ಜೋರ್ಗೊ? ನಿಂತಲ್ಲೇ ತೂಕಡಿಸ್ತಿದೆಯಲ್ಲ ಬಾಯ್ಕೆ!" ಎಂದಳು, ಅಣ್ಣನನ್ನು ಕರೆಯುವಂತೆ.

"ನಿಮ್ಮನ್ನ ನೋಡಿ ನಾಚ್ಕೊಂಡಿದೆ, ಡಾಕ್ಟ್ರೆ."

ಅವಳು ನಕ್ಕಳು. ಹೆಸರು ಒತ್ತುವಾಗಲೂ ಅವನ ಕಡೆ ನೋಡಿ ಏನೋ ಗುಟ್ಟಿರುವವಳಂತೆ ನಗುತ್ತಲೇ ಇದ್ದಳು. ಶಾರ್ಶೆನ್ ಮೀಸೆ ಸರಿಮಾಡಿಕೊಂಡ.

ಬೇಸಿಗೆಯೆಲ್ಲ ಎರಡೂ ಕುದುರೆಗಳು ಬೆಟ್ಟದ ಹುಲ್ಲುಗಾವಲಿನಲ್ಲಿ ಅವನ ಕಾವಲಿನಲ್ಲೇ ಮೇದವು. ಉಳಿದದ್ದು ಸುಲಭ. ಕಣಿವೆಯಾಚೆಯ ಸಂತೆಯಲ್ಲಿ ಜೋರ್ಗೊವನ್ನು ಮಾರುವುದು, ಕುರಿರಕ್ತ ಬಳಿದ ಲಗಾಮು ತಂದು ಅಪಾಳ ಮುಂದೆ ಇಟ್ಟು ತೋಳ ತಿಂದಿತೆಂದು ಅಳುವುದು. ಅಳುವುದನ್ನು ಅಭ್ಯಾಸವೂ ಮಾಡಿದ. ಕುರಿಗಳು ಮೇಯುವುದನ್ನು ಬಿಟ್ಟು ನೋಡಿದವು. ಹೊರಡುವ ಮುನ್ನ ಅಪಾ ಯಾರದೋ ಕೈಯಲ್ಲಿ ಒಣಮೊಸರಿನ ಉಂಡೆಗಳನ್ನೂ ಹೊಸ ಕಾಲುಚೀಲವನ್ನೂ ಕಳಿಸಿದ್ದಳು. ಚಳಿಯಿತ್ತು, ಹಾಕಿಕೊಂಡ.

ಸಂತೆಯ ಬಾಗಿಲಲ್ಲಿ ಜೋರ್ಗೊ ತಲೆಯೆತ್ತಿ ನಡೆಯಿತು. ಕಂಬದ ಮೇಲೆ ಕೆಂಪು ದೀಪ ಹತ್ತಿತು. ಅಂದು ಅಲ್ಲಿ ಕೆಲಸದ ಮೇಲಿದ್ದವಳು ನೂರಾಯಿಮ್.

"ಏನ್ ಬಾಯ್ಕೆ, ಅಪಾ ಕುದುರೆ ಮಾರೋಕೆ ತಂದ್ರಾ?"

"ನಂದಮ್ಮಾ ಇದು! ಕಣ್ಣು ನೋಡಿ!"

"ನೋಡೇ ಹೇಳ್ತಿರೋದು. ಬೂರ್ಮಾ ಅಪಾ ಅಂತಿದೆ."

"ನನ್ನದು ಅಂತ ಅವತ್ತು ನಾನೇ ಹೇಳಿದ್ನಲ್ಲಾ!"

"ಹೇಳಿದ್ರಿ. ಅಯ್ಯೋ, ಹಬ್ಬದ ತನಕ ಬಾಯಿ ಬಿಡ್ಬೇಡ ಅಂದಿದ್ರು ಅಪಾ." ಅವಳ ದನಿ ಮೆತ್ತಗಾಯಿತು. "ಹಿಂದಿನ ದಿನಾನೇ ಫೋನ್ ಮಾಡಿದ್ರು. 'ಆ ಮರಿನ ಬದುಕಿಸಿದ ಕೈಗೆ ಬರೀ ಕಾಲುಚೀಲ ಕೊಟ್ಟೆ ಕಣೇ. ಈ ಸಲ ಅವನನ್ನ ಕುದುರೆ ಮೇಲೆ ಕೂರಿಸಿ ಗೌರವ ಮಾಡ್ಬೇಕು. ನನ್ನ ಕುದುರೆಗೆ ಶಾರ್ಶೆನ್ ಹೆಸರು ಹಾಕು, ಅವನ ಸಾಧು ಮುದಿಯನಿಗೆ ನನ್ನ ಹೆಸರು. ನನ್ನ ಮಂಡಿಗೆ ಅದೇ ಸರಿ' ಅಂತ. ಹಂಗೇ ಮಾಡ್ದೆ. ನೀವು ಅಪಾಂದು ಅಂದಿದ್ದನ್ನ ನಿಮ್ಮ ಹೆಸರಿಗೆ, ನಿಮ್ದು ಅಂದಿದ್ದನ್ನ ಅಪಾ ಹೆಸರಿಗೆ." ಅವಳು ತಟ್ಟನೆ ಮಾತು ನಿಲ್ಲಿಸಿದಳು. ಜೋರ್ಗೊವನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಅವತ್ತು ನೀವು ಸರಿಯಾಗೇ ಹೇಳಿದ್ರಿ ತಾನೇ, ಬಾಯ್ಕೆ?" ಹೌದೆಂದರೆ ಅಪಾಳ ಕುದುರೆ ಮಾರಲು ಬಂದವನು, ಅಲ್ಲವೆಂದರೆ ಅವತ್ತೇ ಕದ್ದವನು. ಶಾರ್ಶೆನ್ ಬಗ್ಗಿ ಅಪಾಳ ಕಾಲುಚೀಲವನ್ನು ಮೇಲೆಳೆದುಕೊಂಡ. ಕಾಲು ಮಾತ್ರ ಬಹಳ ಬೆಚ್ಚಗಿತ್ತು.