ಆದೆಲಿನಳ ಹೆಸರಿನ ಚೀಸು

“ಆ ಡಬ್ಬಿ ಮೇಜಿನ ಮೇಲಿಂದ ತೆಗೀತೀಯೋ ಇಲ್ವೋ? ಊಟ ಮಾಡೋ ಜಾಗ ಇದು!”

ಬ್ರೆಡ್ಡು ಕೊಯ್ಯುತ್ತಿದ್ದ ಚಾಕುವನ್ನು ಕೈಯಲ್ಲೇ ಹಿಡಿದು ಲಿಯೋನಿ ಅತ್ತೆ ಗದರಿದಾಗ, ಮಿರ್ತಾ ತಾಯಿಯ ಬೂದಿಯಿದ್ದ ಡಬ್ಬಿಯನ್ನು ಮಡಿಲಿಗೆಳೆದುಕೊಂಡಳು. ಅರ್ಜೆಂಟೀನಾದಿಂದ ವಿಮಾನ, ಆಮೇಲೆ ರೈಲು, ಕೊನೆಗೆ ಕಣಿವೆಯ ಅಂಚು ಹಿಡಿದು ತೆವಳಿದ ಅಂಚೆ ಬಸ್ಸು... ತಾಯಿ ಹುಟ್ಟಿದ ಸ್ವಿಸ್ ಹಳ್ಳಿಗೆ, ಐವತ್ತು ದಾಟಿದ ಮೇಲೆ, ಮೊದಲ ಸಲ ಬಂದಿದ್ದಳು. ಬಂದವಳನ್ನು ಬಾ ಎಂದವರಿಲ್ಲ. ಸೋದರಮಾವ ಸಿಪ್ರಿಯನ್ ಒಲೆಯ ಪಕ್ಕ ಕೂತು, ಹೆಂಡತಿಯ ಮುಖ ನೋಡುತ್ತ, ನಗಬಹುದೋ ಬಾರದೋ ಎಂದು ಅಳೆಯುತ್ತಿದ್ದ. ಆ ಮನುಷ್ಯ ಜೀವಮಾನವಿಡೀ ಅಳೆದದ್ದು ಅದೊಂದನ್ನೇ.

ಮಿರ್ತಾಳಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ.

“ಅತ್ತೆ, ನಾನು ಆಸ್ತಿ ಕೇಳೋಕೆ ಬಂದಿಲ್ಲ. ಅಮ್ಮನ್ನ ಇಲ್ಲಿ ಮಣ್ಣು ಮಾಡ್ಬೇಕು. ಅವಳ ಚೀಸು ಕೊಯ್ದು ಊರಿಗೆ ಹಂಚಬೇಕು. ಅಷ್ಟು ಮುಗಿಸಿ ಹೊರಟುಬಿಡ್ತೀನಿ.”

ಆ ಕಣಿವೆಯಲ್ಲಿ ಪ್ರತಿಯೊಬ್ಬರ ಹೆಸರಿನಲ್ಲೂ ನೆಲಮಾಳಿಗೆಯ ಹಲಗೆಯ ಮೇಲೆ ಗಾಲಿಯಾಕಾರದ ಒಂದು ಇಡೀ ಚೀಸು ಕಾದಿರುತ್ತದೆ. ಬದುಕಿರುವಾಗ ಅದನ್ನು ಯಾರೂ ಮುಟ್ಟುವುದಿಲ್ಲ. ಮಣ್ಣು ಮಾಡಿದ ದಿನ ಅದನ್ನು ಕೊಯ್ದು, ಬ್ರೆಡ್ಡು ವೈನಿನ ಜೊತೆ ಊರು ತಿಂದರೇ ಆ ಜೀವವನ್ನು ಊರು ಬೀಳ್ಕೊಟ್ಟ ಹಾಗೆ. ಮಿರ್ತಾಳ ತಾಯಿ ಆದೆಲಿನ್ ಹುಡುಗಿಯಾಗಿದ್ದಾಗ, ಬೇಸಿಗೆಯ ಹುಲ್ಲುಗಾವಲಿನ ಗುಡಿಸಲಲ್ಲಿ ತಾನೇ ಹಾಲು ಕಾಸಿ ತನ್ನ ಗಾಲಿ ಕಟ್ಟಿದ್ದಳು. ಪರದೇಶದಲ್ಲಿ ಮಿಡತೆ ಬಂದು ಗೋಧಿಯನ್ನೆಲ್ಲ ಮುಕ್ಕಿ ಹೋದ ವರ್ಷ, ಮನೆಯಲ್ಲಿ ಗಂಜಿಗೂ ಗತಿಯಿಲ್ಲದಾಗಲೂ ಅವಳು ನಗುತ್ತಿದ್ದಳು: “ನಾನೇನು ದಿಕ್ಕಿಲ್ಲದವಳಲ್ಲ ಕಣೆ! ನನ್ನೂರಲ್ಲಿ ನನ್ನ ಹೆಸರಿನ ಚೀಸಿದೆ.” ಕೊನೆಯುಸಿರಿನಲ್ಲೂ ಅದೇ ಮಾತು...

“ಅದನ್ನ ಕೊಯ್ದಾಯ್ತು,” ಎಂದಳು ಲಿಯೋನಿ.

“ಅಂದ್ರೆ?”

“ನಿಮ್ಮಮ್ಮ ಓಡಿಹೋದ ವರ್ಷಾನೇ. ನಿಮ್ಮಜ್ಜಿ ಹಾಸಿಗೆ ಹಿಡಿದಿದ್ರು. ಮಗಳು ಆ ಬಡಗಿ ಹಿಂದೆ, ಅಂದ್ರೆ ನಿಮ್ಮಪ್ಪನ ಹಿಂದೆ, ಹಡಗು ಹತ್ತಿದಳು ಅಂತ ಕೇಳಿ, ‘ನನ್ನ ಪಾಲಿಗೆ ಅವಳು ಸತ್ತಳು, ಕೊಯ್ಯಿರಿ’ ಅಂದ್ರು. ಕೊಯ್ದು ಮನೆಮನೆಗೆ ಹಂಚಿದವಳು ನಾನು. ಹೊಸ ಮದುವಣಗಿತ್ತಿ ನಾನು ಆಗ!”

“ಬದುಕಿದ್ದವಳ ಚೀಸು ಕೊಯ್ದಿರಾ!” ಮಿರ್ತಾ ಡಬ್ಬಿಯನ್ನು ಇನ್ನಷ್ಟು ಅವಚಿಕೊಂಡಳು. ಅಮ್ಮ ಅಷ್ಟು ವರ್ಷ ನಂಬಿ ಕೂತದ್ದು ಬರಿಯ ಖಾಲಿ ಹಲಗೆಯನ್ನೇ... ಅಯ್ಯೋ ಅಮ್ಮಾ!

“ನಾನು ಬೇಡ ಅಂದಿದ್ದೆ...” ಸಿಪ್ರಿಯನ್ ಗೊಣಗಿದ.

“ಯಾವಾಗ ಅಂದ್ರಿ? ಬಾಯಿ ತುಂಬ ಚೀಸಿತ್ತಲ್ಲ!” ಲಿಯೋನಿ ಮಿರ್ತಾಳತ್ತ ತಿರುಗಿದಳು. “ಒಬ್ಬರಿಗೆ ಎರಡು ಸಲ ಸಾವಿನೂಟ ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಅವಳೇನೋ ಹೋದಳು. ನಿಮ್ಮಜ್ಜಿಯ ಹೇಲುಚ್ಚೆ ಬಾಚಿದ್ದು ಯಾರು? ಹನ್ನೊಂದು ವರ್ಷ! ಒಂದಿನ ಯಾರಾದ್ರೂ ‘ದಣಿದೆಯಾ ಲಿಯೋನಿ’ ಅಂದ್ರಾ?”

“ಅಮ್ಮ ಅಂತಿದ್ದಳು.”

ಚಾಕು ನಿಂತಿತು.

“ಅಪ್ಪನ ತಾಯಿಗೆ ಲಕ್ವ ಹೊಡೆದಿತ್ತು. ನೋಡ್ಕೊಂಡವಳು ಅಮ್ಮನೇ. ಅವರು ತಟ್ಟೆ ಎಸೆದ್ರೂ ಎದುರಾಡ್ತಿರಲಿಲ್ಲ. ಯಾಕಮ್ಮ ಅಂದ್ರೆ... ‘ಅಲ್ಲಿ ನನ್ನ ಪಾಲಿನದ್ದನ್ನ ಅತ್ತಿಗೆ ಮಾಡ್ತಿದಾಳೆ. ಪಾಪ, ಎಷ್ಟು ದಣಿದಿದಾಳೋ! ಇಲ್ಲಿ ನಾನು ಮಾಡಿದ್ರೆ ಅವಳ ಋಣ ಒಂಚೂರಾದ್ರೂ ತೀರುತ್ತೆ’ ಅಂತಿದ್ದಳು. ಆಮೇಲೆ ಅಮ್ಮನ್ನ ನಾನು ನೋಡ್ಕೊಂಡೆ. ನನಗೂ ಸಾಕಾಗಿದೆ ಅತ್ತೆ... ಚೀಸು ಬೇಡ ಬಿಡಿ. ಪಾದ್ರಿಗಳು, ನಾನು, ಇಬ್ಬರೇ ಸಾಕು.”

ಲಿಯೋನಿ ಮತ್ತೆ ಬ್ರೆಡ್ಡು ಕೊಯ್ಯತೊಡಗಿದಳು. ಮೂರು ಜನಕ್ಕೆ ಬೇಕಾದ್ದಕ್ಕಿಂತ ತುಂಬ ಹೆಚ್ಚು ಕೊಯ್ದಳು.

ಮರುದಿನ ಬೆಳಿಗ್ಗೆ ಮಿರ್ತಾ ಚರ್ಚಿಗೆ ಹೊರಡುವಾಗ ನೆಲಮಾಳಿಗೆಯ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಲಿಯೋನಿ ಕಪ್ಪುಗಟ್ಟಿದ ಗಾಲಿಯೊಂದನ್ನು ಎದೆಗವಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಳು.

ಸಿಪ್ರಿಯನ್ ಎದ್ದೇಬಿಟ್ಟ. “ಲಿಯೋನಿ! ಅದು ನಿನ್ನದಲ್ವೇನೆ! ನಾಳೆ ನೀನು ಹೋದಾಗ ಊರಿಗೆ ಏನು ಕೊಡಲಿ?”

“ಪೇಟೆಯಿಂದ ತಂದು ಕೊಡಿ. ಎಂಬತ್ತು ದಾಟಿದೆ ನನಗೆ. ಹೊಸದು ಕಟ್ಟಿದ್ರೆ ಅದು ಹಣ್ಣಾಗೋವರೆಗೆ ನಾನಿರಬೇಕಲ್ಲ! ಜನ ಆಡ್ಕೊಳ್ಳಲಿ, ನನಗೇನು ಕೇಳಿಸುತ್ತಾ? ಹೋಗಿ ಗರಗಸ ತನ್ನಿ.”

“ಅತ್ತೆ, ಬೇಡ... ಖಂಡಿತ ಬೇಡ!”

“ಸುಮ್ನಿರೆ. ಕೊಯ್ದವಳು ನಾನು, ಕೊಡೋಳೂ ನಾನೇ.”

ಆದೆಲಿನಳನ್ನು ಚರ್ಚಿನ ಗೋಡೆಯ ಪಕ್ಕ ಮಣ್ಣು ಮಾಡಿದರು. ಸುದ್ದಿ ಕೇಳಿ ಊರೇ ಬಂತು. ಕಲ್ಲಿನಂತಾಗಿದ್ದ ಚೀಸನ್ನು ಸಿಪ್ರಿಯನ್ ಬೆವರು ಸುರಿಸಿ ಕೊಯ್ದ. ಲಿಯೋನಿ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತಳು. ಪಕ್ಕದ ಮನೆಯ ಮುದುಕಿಯೊಬ್ಬಳು ಹುಬ್ಬೇರಿಸಿದಳು. “ಆದೆಲಿನಳದ್ದು ನಾವು ಆವತ್ತೇ ತಿಂದಿದ್ವಲ್ಲೇ! ಇದು ಯಾರದು?”

“ಇದೇ ಅವಳದು. ಆವತ್ತು ತಿಂದಿದ್ದು ಪಾಪ. ತಗೋ.”

ಎಲ್ಲರೂ ಹೋದ ಮೇಲೆ ಹಲಗೆಯ ಮೇಲೆ ಒಂದು ಚೂರು ಉಳಿದಿತ್ತು. ತನ್ನ ಸಾವಿನ ಚೀಸಿನ ರುಚಿ ಹೇಗಿದೆಯೆಂದು ಆ ಕಣಿವೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಲಿಯೋನಿ ಚೂರನ್ನು ಬಾಯಿಗಿಟ್ಟು, ಉಳಿದ ನಾಲ್ಕು ಹಲ್ಲುಗಳಲ್ಲಿ ನಿಧಾನವಾಗಿ ಅಗಿದಳು.

“ಉಪ್ಪು ಒಂಚೂರು ಜಾಸ್ತಿಯಾಗಿದೆ ಕಣೆ,” ಎಂದಳು. ಎಂದವಳೇ ಕುರ್ಚಿಯ ಮೇಲೆ ಕುಸಿದು, ಸೊಸೆಯಾಗಿ ಆ ಮನೆಗೆ ಕಾಲಿಟ್ಟ ಮೇಲೆ ಮೊದಲ ಸಲ, ಗಂಡನೆದುರಿಗೇ ಬಿಕ್ಕಿಬಿಕ್ಕಿ ಅತ್ತಳು...

ತಟ್ಟೆಗಳನ್ನು ಅಂದು ಮಿರ್ತಾ ತೊಳೆದಳು.