ನಾಲ್ಕನೆಯ ಪ್ರೆಸ್ಸಿನ ಪುಸ್ತಕ

ಆಫೀಸಿನ ಬೀಗ ತೆಗೆದವನು ರಾಜೀವ. ಒಳಗೆ ಮೊದಲು ಕಾಲಿಟ್ಟವಳು ಕಾರ್ಖಾನೆಯ ಕಾಗದಪತ್ರ ನೋಡಿಕೊಳ್ಳುವ ವಸಂತಿ. ಕಿಟಕಿಯ ಕೆಳಗಿನ ಮೇಜಿನ ಮೇಲೆ ನಾಲ್ಕನೆಯ ಪ್ರೆಸ್ಸಿನ ಪುಸ್ತಕ ನೆನೆದು, ಉಬ್ಬಿ, ಕಲಸಿಟ್ಟು ಮರೆತ ಹಿಟ್ಟಿನಂತೆ ಕೂತಿತ್ತು.

ಕಿಟಕಿಯ ಎರಡೂ ಬಾಗಿಲು ತೆರೆದಿದ್ದವು.

"ಅಯ್ಯಯ್ಯೋ! ಕಿಟಕಿನ ಹಾಕಿಲ್ಲಲ್ರಿ ವೈನಿ!" ರಾಜೀವ ತಲೆಯ ಮೇಲೆ ಕೈಯಿಟ್ಟ. "ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಹನ್ನೆರಡಕ್ಕ ಬರ್ತಾನ. ಏನ್ ತೋರಸೂದ್ರಿ ಈಗ?"

ವಸಂತಿ ಹಾಳೆ ಬಿಡಿಸಲು ನೋಡಿದಳು. ನೀಲಿ ಶಾಯಿ ಹರಿದು, ಅಕ್ಷರವೆಲ್ಲ ಒಂದೇ ಮೋಡವಾಗಿತ್ತು. ಮೂರು ವಾರದ ಹಿಂದೆ, ತಗಡು ಕತ್ತರಿಸುವ ಆ ಪ್ರೆಸ್ಸು ಚನ್ನಬಸವ್ವನ ಬಲಗೈಯ ಎರಡು ಬೆರಳು ತೆಗೆದುಕೊಂಡಿತ್ತು. ಯಂತ್ರದ ತಕರಾರುಗಳನ್ನು ಪಾಳಿಪಾಳಿಗೂ ಬರೆಯುವುದು ಇದೇ ಪುಸ್ತಕದಲ್ಲಿ. ಕೈಗೆ ಅಡ್ಡ ಬರುವ ಗಾರ್ಡು ಕೆಟ್ಟಿದೆ ಎಂದು ಮೊದಲೇ ಬರೆದಿದ್ದರೆ ತಪ್ಪು ಕಾರ್ಖಾನೆಯದು. ಬರೆದಿಲ್ಲವೆಂದರೆ ಚನ್ನಬಸವ್ವನ ಅಜಾಗರೂಕತೆ. ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

ಅಯ್ಯೋ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಎರಡು ವರ್ಷದಿಂದ ವಸಂತಿಗೆ ಹೀಗೇ. ಹಲ್ಲು ಕೀಳುವ ಮೊದಲು ಚುಚ್ಚಿದ ಸೂಜಿಯ ಜೋಮು ಇಳಿಯದೆ ಉಳಿದ ಕೆನ್ನೆಯ ಹಾಗೆ. ಯಾರೂ ಸತ್ತಿರಲಿಲ್ಲ, ಯಾರೂ ಬಿಟ್ಟುಹೋಗಿರಲಿಲ್ಲ. ಗಂಡ ಭುಜಂಗ ಪುಣೆಯ ಬಿಬವೇವಾಡಿಯಲ್ಲಿ ಎಂದಿನಂತೆ ಹೋಟೆಲು ನಡೆಸುತ್ತಿದ್ದ. ಕಾರಣ ಕೇಳಿದರೆ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ.

ಬಿಸಿಲು ಆಗಲೇ ಏರಿತ್ತು. ತೆರೆದ ಕಿಟಕಿಯಿಂದ ಅಂಗಳದ ಗುಜರಿ ರಾಶಿ ಕಣ್ಣಿಗೆ ಹೊಡೆಯುವಂತೆ ಹೊಳೆಯುತ್ತಿತ್ತು. ವಸಂತಿ ಮುಖ ತಿರುಗಿಸಿದಳು.

ಬೆಳಗಿನ ಕಾರಿನಲ್ಲಿ ಮಾತ್ರ ಎಲ್ಲರೂ ನಕ್ಕಿದ್ದರು. ರಾಜೀವನ ಕಾರು. ಹನ್ನೊಂದು ವರ್ಷದಿಂದ ಅವನು, ಅತ್ತಿಗೆಯನ್ನು ಕರೆದಂತೆ 'ವೈನಿ' ಎನ್ನುತ್ತ, ಬಿಬವೇವಾಡಿಯಲ್ಲಿ ವಸಂತಿಯನ್ನು ಹತ್ತಿಸಿಕೊಂಡು ಚಿಂಚವಾಡದ ಕಾರ್ಖಾನೆಗೆ ತರುತ್ತಿದ್ದ. ಶಿವಾಜಿನಗರದಲ್ಲಿ ಧನುಶ್ರೀ ಹತ್ತುತ್ತಿದ್ದಳು, ಮೈಸೂರು ಕಡೆಯ ಹುಡುಗಿ, ಕ್ವಾಲಿಟಿ ವಿಭಾಗಕ್ಕೆ ಸೇರಿ ಎಂಟು ತಿಂಗಳು.

ಸಮುದ್ರದಿಂದ ಬಿರುಗಾಳಿ ಬರುತ್ತದೆ, ಪುಣೆ ಮುಳುಗುತ್ತದೆ ಎಂದು ಟಿವಿಯವರು ನಾಲ್ಕು ದಿನ ಗಂಟಲು ಹರಿದುಕೊಂಡಿದ್ದರು. ರೆಡ್ ಅಲರ್ಟ್! ಮಾಲಕರು ಹೆದರಿ, ಹಿಂದಿನ ದಿನ ಮೂರಕ್ಕೇ ಕಾರ್ಖಾನೆ ಮುಚ್ಚಿಸಿದ್ದರು. ಬಂದದ್ದು? ಬಿಬವೇವಾಡಿಯಲ್ಲಿ ಬೆಳಗಿನ ಜಾವ ಹತ್ತು ನಿಮಿಷದ ಜಿಟಿಜಿಟಿ.

"ಬಿರುಗಾಳಿ ಸ್ವಾರಗೇಟ್ ಸಿಗ್ನಲಿಗೆ ಸಿಕ್ಕೊಂಡೇತ್ರಿ ವೈನಿ," ಎಂದಿದ್ದ ರಾಜೀವ. "ಪುಣೇದ ಟ್ರಾಫಿಕ್ ನೋಡಿ, ನನಗ ಬ್ಯಾಡಪ್ಪಾ ಅಂತ ತಿರುಗಿ ಹೋಗೇತಿ."

"ಸರ್, ನಮ್ಮ ಪೀಜಿ ಆಂಟಿ ಹತ್ತು ಪ್ಯಾಕೆಟ್ ಮ್ಯಾಗಿ ಸ್ಟಾಕ್ ಮಾಡಿದ್ರು! ಈಗ ಒಂದು ವಾರ ಅದೇ ತಿಂಡಿ." ಧನುಶ್ರೀ ಹಿಂದಿನ ಸೀಟಿನಿಂದ ಕೂಗಿದಳು. "ನಿನ್ನೆ ನಾನೂ ಮೇಡಮ್ಮೂ ಕಾರಲ್ಲಿ ನಿಮಗೋಸ್ಕರ ಕಾದ್ವಲ್ಲ, ಆ ಬಿಸಿಲಿಗೆ ರೆಡ್ ಅಲರ್ಟ್ ಕೊಡ್ಬೇಕಿತ್ತು."

"ಏ, ನನ್ನ ಛತ್ರಿ ಕೇಳವ್ವಾ. ಮೂರು ದಿನದಿಂದ ಡಿಕ್ಕಿಯೊಳಗ ಮಲಗೇತಿ. ಮಗ್ಗಲಾ ಸುದ್ದಾ ಬದಲಿಸಿಲ್ಲ. ಇವತ್ತ ಎಬ್ಬಸಿದ್ರ ಬೈತೇತಿ ನನಗ!"

ಧನುಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರೂ ನಗುವಾಗ ನಗಬೇಕೆಂದು ವಸಂತಿಯೂ ತುಟಿ ಅಗಲಿಸಿದಳು. ಖಡಕಿ ದಾಟುವಾಗ ರಸ್ತೆ ಒಣಗಿತ್ತು. ಕಾಸರವಾಡಿಯ ಹತ್ತಿರ ಧೂಳೆದ್ದಿತ್ತು.

ಈಗ ಫೋನಿನಲ್ಲಿ ಮಾಲಕರ ದನಿ ಸಣ್ಣಗಿತ್ತು. "ವಸಂತಿಯವರೇ, ಯಾರ ತಪ್ಪು ಅಂತ ವಿಚಾರಿಸಿ, ಒಂದು ಕಾಗದ ಬರೆದು ಸಹಿ ಮಾಡಿಡಿ. ಇನ್ಸ್‌ಪೆಕ್ಟರಿಗೆ ಕೊಡಬೇಕು."

"ವಿಚಾರ್ಸೂದೇನೈತ್ರಿ?" ರಾಜೀವ ಬಿಳಿ ಹಾಳೆ ತಂದು ಮುಂದಿಟ್ಟ. "ಕಿಟಕಿ ಹಾಕೂ ಕೆಲಸ ಚನ್ನಬಸವ್ವಂದು. ಪಾಪ, ಬೆರಳಿಲ್ಲ, ಚಿಲಕಾ ಬರೋಬ್ಬರಿ ಕೂತಿಲ್ಲ. ಗಾಳಿ ತಗದೇತಿ, ಮಳಿ ಬಡದೇತಿ. ಬರೀರಿ, 'ಕೆಲಸದಾಕೆಯ ನಿಷ್ಕಾಳಜಿಯಿಂದ...'"

ವಸಂತಿ ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ.

"ಅವಳನ್ನು ಒಂದು ಮಾತು ಕೇಳ್ತೇನೆ. ಕರೀರಿ."

ಬೆರಳು ಹೋದ ಮೇಲೆ ಚನ್ನಬಸವ್ವನಿಗೆ ಆಫೀಸಿನ ಕಸ, ಚಹದ ಕೆಲಸ ಕೊಟ್ಟಿದ್ದರು. ಇಂಡಿ ಕಡೆಯವಳು, ನಲವತ್ತು ದಾಟಿದವಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡೇ ನಿಂತಳು.

"ನಿನ್ನೆ ಕಿಟಕಿ ಹಾಕಿದ್ದಿಯಾ ಚನ್ನಬಸವ್ವಾ?"

"ಹಾಕಿದ್ದೆ ಅನಸ್ತೈತ್ರೀ ಅಕ್ಕಾರ."

"ಅನಿಸ್ತದಾ? ಹಾಕಿದ್ದಿಯೋ, ಇಲ್ಲವೋ?"

ಅವಳು ಕಿಟಕಿ ನೋಡಿದಳು. ಕೈ ನೋಡಿಕೊಂಡಳು. "ಹೆಂಗ್ ಹೇಳ್ಲಿರೀ? ಇಲ್ಲದ ಬೆರಳು ಐತಿ ಅಂತ ಒಮ್ಮೊಮ್ಮೆ ಅನಸ್ತೈತಿ. ಆ ಬೆರಳಿಲೆ ಲೋಟ ಹಿಡೀಲಾಕ ಹೋಗ್ತೀನಿ, ಬಿದ್ದ್ ಹೋಗ್ತೈತಿ. ಚಿಲಕಾನೂ ಹಂಗ ಹಾಕೇನೋ ಏನೋ... ನಂದ ತಪ್ಪ ಇರಬೇಕ್ರಿ. ಬರದುಬಿಡ್ರಿ."

ಸಾಹೇಬರು ಕೇಳುವ ಮೊದಲೇ ತಪ್ಪನ್ನು ಮಡಿಲಿಗೆ ಹಾಕಿಕೊಳ್ಳುವ ಆ ದನಿ ವಸಂತಿಗೆ ಪರಿಚಿತ. ತನ್ನದೂ ಅದೇ ದನಿ. ಜೋಮಿನ ಕೆಳಗೆ ಎಲ್ಲೋ ಒಂದು ಕಡೆ ಸಣ್ಣಗೆ ಚುಚ್ಚಿತು.

"ಎಷ್ಟು ಗಂಟೆಗೆ ಹೋದದ್ದು ನೀನು?"

"ಎರಡೂವರಿ ಟೆಂಪೋಕ್ಕರೀ."

ವಾಚ್‌ಮನ್ ಅಪ್ಪಾಸಾಹೇಬ ಟೊಪ್ಪಿ ಕೈಯಲ್ಲಿ ಹಿಡಿದು ಬಂದ. ಜತ್ತದ ಮುದುಕ, ಮರಾಠಿ ಕನ್ನಡ ಎರಡೂ ಅವನದೇ.

"ರಾತ್ರಿ ಇಲ್ಲಿ ಮಳೆ ಬಂತಾ ಅಪ್ಪಾಸಾಹೇಬರೇ?"

"ಬಂತ್ರೀ ಬಾಯಿಸಾಹೇಬ. ಭಾಳ ಬಂತು! ಧೋ ಧೋ ಅಂತ."

"ಯಾವಾಗ?"

"ಮುಂಜಾನೆ... ಐದಕ್ಕ."

"ಅಂಗಳ ಒಣಗಿದೆಯಲ್ಲ?"

ಉತ್ತರ ಕೊಟ್ಟವನು ರಾಜೀವ. "ಬಿಸಿಲ ನೋಡ್ರಿ ಹೊರಗ! ಕಾಂಕ್ರೀಟ್ ನೆಲ, ಒಂದ್ ತಾಸಿನ್ಯಾಗ ಒಣಗತೈತಿ. ನಮ್ಮ ಬಿಬವೇವಾಡಿಯೊಳಗೂ ಬಂದಿತ್ತಲ್ರಿ ಅದ ಟೈಮಿಗೆ."

ಹೌದು, ಬಂದಿತ್ತು. ಅಪ್ಪಾಸಾಹೇಬ ಬೆನ್ನು ತಿರುಗಿಸಿ ಬೇಗ ಬೇಗ ಹೊರಟ.

ಧನುಶ್ರೀ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ವಸಂತಿ ಅವಳನ್ನು ಪಕ್ಕಕ್ಕೆ ಕರೆದಳು.

"ನಿನ್ನೆ ನಾವು ಹೊರಟಾಗ ಈ ಕಿಟಕಿ ನೋಡಿದ್ದಿಯಾ? ನನಗೆ ನೆನಪಿಲ್ಲ."

"ಇಲ್ಲ ಮೇಡಂ, ನಾನು ಫೋನಲ್ಲಿದ್ದೆ. ಲಾಕ್ ಮಾಡಿದ್ದು ಸರ್. ಆಮೇಲೆ ಛತ್ರಿ ಮರ್ತೆ ಅಂತ ಒಬ್ರೇ ವಾಪಸ್ ಬಂದ್ರಲ್ಲ? ಅವ್ರೇ ನೋಡಿರ್ಬೇಕು." ದನಿ ಇಳಿಸಿದಳು. "ಮೇಡಂ, ಚನ್ನಬಸವ್ವಂದು ಕೆಲಸ ಹೋಗುತ್ತಾ? ಪ್ಲೀಸ್, ಹಾಗೆ ಬರೀಬೇಡಿ."

ಗಡಿಯಾರ ಹತ್ತೂಮುಕ್ಕಾಲು. ವಸಂತಿ ಹಾಳೆಯ ಮುಂದೆ ಕೂತಳು. ಮತ್ತೆ ಆ ಹೊಳಪು ಕಣ್ಣಿಗೆ ಬಡಿಯಿತು. ಕಿಟಕಿ ಹಾಕಲೆಂದು ಎದ್ದವಳು ಹಾಗೇ ನಿಂತಳು.

ಹನ್ನೆರಡು ವರ್ಷ ಇದೇ ಕಿಟಕಿಯಿಂದ ಇದೇ ರಾಶಿ ನೋಡಿದ್ದಳು. ಪ್ರೆಸ್ಸು ಕತ್ತರಿಸಿ ಉಗುಳಿದ ತಗಡಿನ ಚೂರುಗಳು. ನಿನ್ನೆಯವು ಮೇಲುಗಡೆಯೇ ಬಿದ್ದಿದ್ದವು.

ಎಷ್ಟು ಹೊತ್ತು ನೋಡಿದಳೋ. ಆಮೇಲೆ ಹೊರಗೆ ಹೋಗಿ ಒಂದು ಚೂರು ಎತ್ತಿ ತಂದಳು.

"ಅಪ್ಪಾಸಾಹೇಬರನ್ನು ಇನ್ನೊಮ್ಮೆ ಕರೀರಿ."

ಮುದುಕ ಬಂದ. ವಸಂತಿ ಚೂರನ್ನು ಅವನ ಅಂಗೈಯಲ್ಲಿಟ್ಟಳು.

"ಮಳೆ ಬಿದ್ದರೆ ಇದು ಏನಾಗ್ತದೆ?"

ಅವನು ತಿರುಗಿಸಿ ಮುರುಗಿಸಿ ನೋಡಿದ. ಮುಖ ಬಾಡಿತು. "ಜಂಗು ಹಿಡೀತೈತ್ರಿ. ಕತ್ತರಿಸಿದ ಅಂಚು ನಾಕು ಹನಿಗೇ ಕೆಂಪಾಗ್ತೈತಿ."

"ಇದು ಕೆಂಪಾಗಿದೆಯಾ?"

"...ಇಲ್ರಿ."

"ರಾತ್ರಿ ಎಲ್ಲಿದ್ದಿರಿ ಅಪ್ಪಾಸಾಹೇಬರೇ?"

ಟೊಪ್ಪಿ ಕೈಯಿಂದ ಕೈಗೆ ಹೋಯಿತು. "ನಿಗಡಿಯೊಳಗ, ಮಗಳ ಮನಿಯಾಗ್ರಿ. ಟಿವಿಯೊಳಗ ತಗಡಿನ ಪತ್ರಾ ಹಾರತಾವು, ಗಿಡಾ ಬೀಳತಾವು ಅಂದ್ರು. ನನ್ನ ಕ್ಯಾಬಿನ್ ಮ್ಯಾಲ ಪತ್ರಾನ ಐತಿ... ಅಂಜಿಕಿ ಬಂತು. ಆರಕ್ಕ ತಿರುಗಿ ಬಂದೆ. ಮಳಿ ಬಂದಿತ್ತೇನು ಅಂತ ನೀವು ಕೇಳಿದಾಗ, ಗೊತ್ತಿಲ್ಲಾ ಅಂದ್ರ, ಎಲ್ಲಿದ್ದಿ ಅಂತ ಕೇಳೀರಿ ಅಂತ..." ಚೂರನ್ನು ಮೇಜಿನ ಮೇಲಿಟ್ಟ. "ಆ ಬಡವಿ ಕುತ್ತಿಗಿಗೆ ಬರತೈತಿ ಅಂತ ತಿಳೀಲಿಲ್ರಿ."

"ಹೋಗಿ ಕೂತ್ಕೊಳ್ಳಿ," ಎಂದಳು ವಸಂತಿ. ಬೈಯಲೂ ಅವಳಿಗೆ ಬೇಕೆನಿಸಲಿಲ್ಲ.

ರಾಜೀವ ಚೂರನ್ನು ನೋಡುತ್ತಿದ್ದ. ಹದಿನಾರು ವರ್ಷ ಪ್ರೆಸ್ ವಿಭಾಗದ ಸೂಪರ್‌ವೈಸರು. ಅದು ಏನು ಹೇಳುತ್ತಿದೆ ಎಂದು ಅವನಿಗೆ ಯಾರೂ ತಿಳಿಸಬೇಕಿರಲಿಲ್ಲ.

"ಇಲ್ಲಿ ಒಂದು ಹನಿಯೂ ಬಿದ್ದಿಲ್ಲ ರಾಜೀವ," ವಸಂತಿ ಮೆಲ್ಲಗೆ ಹೇಳಿದಳು. "ಬಿಬವೇವಾಡಿಯಲ್ಲಿ ನೆನೆದರೆ ಚಿಂಚವಾಡ ಒಣಗಿರ್ತದೆ. ಪುಣೆಯ ಮಳೆ ನಿಮಗೆ ಗೊತ್ತಿಲ್ಲವಾ? ಮಳೆ ಇಲ್ಲದಿದ್ದರೆ ಪುಸ್ತಕಕ್ಕೆ ನೀರು ಎಲ್ಲಿಂದ ಬಂತು?"

"ನನಗೇನ್ ಗೊತ್ತ್ರಿ? ಯಾರರೇ ಹೊರಗಿಂದ..."

"ಚಿಲಕ ಒಳಗಿನದು. ಬೀಗದ ಕೈ ಒಂದೇ, ನಿಮ್ಮ ಹತ್ತಿರ. ಚನ್ನಬಸವ್ವ ಎರಡೂವರೆಗೆ ಹೋದಳು. ನಾನು, ಧನುಶ್ರೀ ಕಾರಿನಲ್ಲಿದ್ದೆವು. ಮೂರಕ್ಕೆ ನೀವು ಒಬ್ಬರೇ ತಿರುಗಿ ಬಂದಿರಿ. ಯಾಕೆ?"

"ಹೇಳಿದ್ನಲ್ರಿ, ಛತ್ರಿ..."

ಅವನು ನಿಲ್ಲಿಸಿದ. ಬಾಗಿಲಲ್ಲಿ ಧನುಶ್ರೀಯ ಕೈ ಬಾಯಿಗೆ ಹೋಯಿತು.

"ಛತ್ರಿ ಮೂರು ದಿನದಿಂದ ಡಿಕ್ಕಿಯಲ್ಲಿ ಮಲಗಿದೆ. ಮಗ್ಗುಲು ಸಹ ಬದಲಿಸಿಲ್ಲ. ಬೆಳಿಗ್ಗೆ ನೀವೇ ಹೇಳಿ ನಗಿಸಿದಿರಿ."

ಹೊರಗೆ ಒಂದು ಪ್ರೆಸ್ಸು ಶುರುವಾಯಿತು. ಧಡ್. ಧಡ್.

"ಇಡೀ ಕಾರಿನಲ್ಲಿ ಬಿರುಗಾಳಿಯನ್ನು ಎಲ್ಲರಿಗಿಂತ ಜಾಸ್ತಿ ಗೇಲಿ ಮಾಡಿದ್ದು ನೀವು. ಎಲ್ಲರಿಗಿಂತ ಜಾಸ್ತಿ ನಂಬಿದ್ದೂ ನೀವೇ. ಬಂದೇ ಬರ್ತದೆ ಅಂತ ನಂಬಿ, ಅದು ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿಟ್ಟಿರಿ. ಕಿಟಕಿ ತೆಗೆದು, ಪುಸ್ತಕಕ್ಕೆ ನೀರು ಸುರಿದು. ಅದು ಬರಲಿಲ್ಲ."

ರಾಜೀವ ಕುರ್ಚಿಯಲ್ಲಿ ಕುಸಿದ. "ಮಗಳ ಕಾಲೇಜ್ ಐತ್ರಿ ಈ ವರ್ಷ," ಎಂದ. "ಆ ಹಾಳಿಯೊಳಗ ನನ್ನ ಸಹಿ ಐತಿ. ಮಾಲಕರಿಗೆ ಏನೂ ಆಗೂದಿಲ್ಲ, ನಾ ಒಬ್ಬಾವ ಹೋಗ್ತೇನಿ. ನಿಮಗ ಗೊತ್ತಿಲ್ಲೇನು, ಆರ್ಡರ್ ಆರ್ಡರ್ ಅಂತ ಯಾರು ಬೆನ್ನ ಹತ್ತಿದ್ರು ಅಂತ?" ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಹನ್ನೊಂದು ವರ್ಷ ಆತ್ರಿ ವೈನಿ. ಒಂದ್ ದಿನಾ ನಿಮ್ಮನ್ನ ಬಿಟ್ಟು ಹೋಗಿಲ್ಲ. ಹಾಳಿನೂ ಹೋತು. ಏನ್ ಇತ್ತು ಅಂತ ಯಾರಿಗೆ ಗೊತ್ತು?"

"ನನಗೆ ಗೊತ್ತು."

ಅವನು ತಲೆಯೆತ್ತಿದ.

"ಆ ಪುಸ್ತಕ ನೋಡಿ ಶನಿವಾರ ಶನಿವಾರ ಮುದ್ರೆ ಒತ್ತುವವಳು ನಾನೇ ಅಲ್ಲವಾ? 'ಗಾರ್ಡು ಕೆಲಸ ಮಾಡುತ್ತಿಲ್ಲ' ಅಂತ ಚನ್ನಬಸವ್ವ ಬರೆಸಿದ್ದಳು. ಕೆಳಗೆ ನೀವು, 'ಆರ್ಡರ್ ಅರ್ಜೆಂಟ್, ಚಾಲೂ ಇಡಿ.' ಓದಿದೆ. ಮುದ್ರೆ ಒತ್ತಿದೆ. ಊಟದ ಡಬ್ಬಿ ತೆಗೆದೆ. ಸೋಮವಾರ ಅವಳ ಬೆರಳು ಹೋಯಿತು."

ಈ ಮಾತನ್ನು ಅವಳು ಮೂರು ವಾರದಲ್ಲಿ ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ. ಜೋಮಿನಿಂದ ಒಂದು ಉಪಕಾರವಿದೆ. ಏನನ್ನು ಓದಿದರೂ ಅದು ಬೇರೆಯವರ ಮನೆಯ ಸುದ್ದಿಯಂತಿರುತ್ತದೆ.

ಅವಳು ಬರೆಯತೊಡಗಿದಳು. ಪುಸ್ತಕದಲ್ಲಿ ಏನಿತ್ತು, ಯಾರ ಕೈಬರಹ, ಯಾವ ದಿನ. ಅದು ಹೇಗೆ ನೆನೆಯಿತು, ಯಾರಿಂದ. ಕೊನೆಯ ಸಾಲು ಬರೆಯುವಾಗ ಕೈ ತಡೆಯಿತು, ನಿಲ್ಲಲಿಲ್ಲ. 'ಇದನ್ನು ಓದಿಯೂ ಸುಮ್ಮನೆ ಮುದ್ರೆ ಒತ್ತಿದವಳು ನಾನು.' ಸಹಿ ಮಾಡಿದಳು. ಸಂಜೆ ಮನೆಗೆ ಎರಡು ಬಸ್ಸು ಬದಲಿಸಬೇಕು ಎಂದು ಯಾಕೋ ನೆನಪಾಯಿತು.

ರಾಜೀವ ಎದ್ದು ಹೊರಗೆ ಹೋದ. ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಕಾರು ಹೊರಟ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಚನ್ನಬಸವ್ವ ಇನ್ನೂ ಮೂಲೆಯಲ್ಲೇ ನಿಂತಿದ್ದಳು.

"ಅಕ್ಕಾರ, ಹಂಗಾರ ಚಿಲಕಾ ನಾ ಹಾಕಿದ್ನೇನ್ರಿ?"

"ಹಾಕಿದ್ದಿ."

"ಖರೇನ?"

"ಖರೇ. ಸರಿಯಾಗಿಯೇ ಹಾಕಿದ್ದಿ."

ಅವಳು ಸೆರಗಿನಿಂದ ಕೈ ಹೊರತೆಗೆದಳು. ಕಿಟಕಿಯ ಹತ್ತಿರ ಹೋಗಿ ಎರಡೂ ಬಾಗಿಲು ಎಳೆದುಕೊಂಡಳು. ಹೆಬ್ಬೆರಳು ಮತ್ತು ಉಳಿದೆರಡು ಬೆರಳು ಚಿಲಕವನ್ನು ಹುಡುಕಿದವು, ಜಾರಿದವು, ಮತ್ತೆ ಹಿಡಿದವು. ಟಕ್ ಎಂದಿತು.

ಚನ್ನಬಸವ್ವ ಅದನ್ನು ತೆಗೆದು, ಇನ್ನೊಮ್ಮೆ ಹಾಕಿದಳು.